ಎರಡು ಫೋನಿನ ಮನೆ

ಪಡಸಾಲೆಯಲ್ಲಿ ಕುಳಿತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಶ್ರಾವಣ ಹತ್ತಿರ ಬಂತೆಂದರೆ ನನಗೆ ಅದೊಂದು ಕೆಲಸ. ಬೆರಳಿಗೆ ಚೂರು ವಿಭೂತಿ ಮುಟ್ಟಿಸಿಕೊಂಡು ಹೊಸೆದರೆ ಬತ್ತಿ ನುಣ್ಣಗೆ ಬರುತ್ತದೆ. ಹತ್ತಿ ಚಲೋದಿದೆಯೋ ಇಲ್ಲವೋ ನೋಡೋಣವೆಂದು ಒಂದನ್ನು ಹಚ್ಚಿ ಆರಿಸಿದ್ದೆ. ಸುಟ್ಟ ಹತ್ತಿಯ ವಾಸನೆ ಇನ್ನೂ ಮೂಗಿನ ಮುಂದೆಯೇ ಇತ್ತು. ಅಷ್ಟರಲ್ಲಿ ಸೊಸೆ ಸುಜಾತಾ ಮೊಬೈಲು ಹಿಡಿದುಕೊಂಡು ಬಂದಳು.

"ಅತ್ತಿಯವರ, ಇಲ್ಲಿ ಕೇಳ್ರಿ. ಇನ್ನ ಪೊಲೀಸ್ರು ಬೇಕಂದ್ರೂ, ಬೆಂಕಿ ಆರಸವ್ರು ಬೇಕಂದ್ರೂ, ದವಾಖಾನಿ ಗಾಡಿ ಬೇಕಂದ್ರೂ ಒಂದ ನಂಬರಂತ. ಯಾವ ಊರಾಗಿದ್ರೂ ಅದ. ನಿಮ್ಮ ಫೋನಿನ್ಯಾಗ ಹಾಕಿ ಕೊಡ್ತೇನಿ."

"ಹಾಕವಾ," ಎಂದೆ. ಕೈಯಲ್ಲಿದ್ದ ಬತ್ತಿ ಅರ್ಧಕ್ಕೇ ನಿಂತಿತು.

ಗೋಕುಲ ರಸ್ತೆಯ ಈ ಮನೆಯಲ್ಲಿ ಅವಳಿಗೆ ಅದು ಹೊಸ ಸುದ್ದಿ. ನಾವು ಹೊಸದಾಗಿ ಹುಬ್ಬಳ್ಳಿಯಲ್ಲಿ ಸಂಸಾರ ಹೂಡಿದ ಕಾಲದಲ್ಲಿ ಆ ಒಂದು ನಂಬರಿನ ಕೆಲಸವನ್ನು ಒಬ್ಬ ಹೆಂಗಸು ಮಾಡುತ್ತಿದ್ದಳು. ಅವಳನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಚುರ್ ಎನ್ನುತ್ತದೆ. ವಯಸ್ಸಾಯಿತು, ಹಲ್ಲು ಹೋದವು, ಅದು ಮಾತ್ರ ಹೋಗಲಿಲ್ಲ.

ಹುಬ್ಬಳ್ಳಿ ಧಾರವಾಡ ಎರಡಕ್ಕೂ ಒಂದೇ ಆಡಳಿತ ಬಂದ ಹೊಸದು. ಬೆಂಕಿ ಆರಿಸುವ ಗಾಡಿಗೆ ಆಗ ನಾವೆಲ್ಲ ಬಂಬ ಎನ್ನುತ್ತಿದ್ದೆವು. ನಮ್ಮ ಮನೆಯವರು ಊರ ಬಂಬಖಾನೆಯಲ್ಲಿ ಜಮಾದಾರರು. ಗಾಡಿ ನಿಲ್ಲುವ ಕಟ್ಟಡದ ಬೆನ್ನಿಗೇ ನಮ್ಮ ಕ್ವಾರ್ಟರ್ಸು, ಎರಡು ಖೋಲಿ, ಒಂದು ಬಚ್ಚಲು, ಅಂಗಳದಲ್ಲಿ ನಳ. ಅದಕ್ಕೆ ಮೊದಲು ನಾನಿದ್ದದ್ದು ಸುಳ್ಳ ಎನ್ನುವ ಹಳ್ಳಿಯಲ್ಲಿ, ಭಾವಂದಿರ ಕೂಡುಮನೆಯಲ್ಲಿ. ಅಲ್ಲಿ ಉಪ್ಪಿನ ಗಡಿಗೆಗೆ ಕೈ ಹಾಕಬೇಕಾದರೂ ನೆಗೆಣ್ಣಿಯ ಮುಖ ನೋಡಬೇಕು. ನನ್ನದು ಎನ್ನುವ ಒಲೆ ನನಗೆ ಸಿಕ್ಕಿದ್ದು ಆ ಕ್ವಾರ್ಟರ್ಸಿನಲ್ಲಿ. ದಿನಾಲು ಲಿಂಗಪೂಜೆ ಮುಗಿಸಿ ಶಿವನಿಗೆ ಒಪ್ಪಿಸುತ್ತಿದ್ದೆ: ನಳಕ್ಕೆ ನೀರು ಬಂತು, ನಿನ್ನ ದಯೆ. ಜೋಳ ಹುಳ ಬೀಳಲಿಲ್ಲ, ನಿನ್ನ ದಯೆ. ಇವರು ಕೈಕಾಲು ಸುಟ್ಟುಕೊಳ್ಳದೆ ಮನೆಗೆ ಬಂದರು, ನಿನ್ನ ದಯೆ.

ಎಲ್ಲಕ್ಕಿಂತ ದೊಡ್ಡ ದಯೆ ಇನ್ನೊಂದಿತ್ತು. ಇವರು ಕೆಲಸ ಮುಗಿಸಿ ಬಂದವರು ಒಲೆಯ ಮುಂದೆ ಮಣೆ ಹಾಕಿಕೊಂಡು, ರೊಟ್ಟಿ ಮುರಿಯುತ್ತ, ಎಲ್ಲಿ ಬೆಂಕಿ ಬಿತ್ತು, ಯಾರು ಹೆದರಿದರು, ಯಾರು ತಮ್ಮ ಮನೆ ಬಿಟ್ಟು ಎಮ್ಮೆಯನ್ನು ಮೊದಲು ಹೊರಗೆಳೆದರು, ಎಲ್ಲ ನನಗೆ ಹೇಳುತ್ತಿದ್ದರು. ಊರಿನಲ್ಲಿ ಸುದ್ದಿ ಹರಡುವ ಮೊದಲು ನನ್ನ ಒಲೆಯ ಮುಂದೆ ಬರುತ್ತಿತ್ತು. ಹಡೆದವರೂ ನನಗೆ ಅಷ್ಟು ಮಾತು ಆಡಿರಲಿಲ್ಲ. ಆ ಮಾತು ನನ್ನ ಆಸ್ತಿ ಎಂದು ನಾನು ತಿಳಿದಿದ್ದೆ.

ಆ ವರ್ಷದ ಹತ್ತಿ ಸುಗ್ಗಿ ಬಂತು. ಊರ ತುಂಬ ಹತ್ತಿ ತುಂಬಿದ ಅಂಡಿಗೆ ಹೊತ್ತ ಚಕ್ಕಡಿಗಳು. ಬೇವಿನ ಗಿಡದ ಮೇಲೆ, ಒಣಹಾಕಿದ ಸೀರೆಯ ಮೇಲೆ, ಅಂಬಲಿಯ ಮೇಲೆ ಕೂಡ ಹತ್ತಿಯ ಎಳೆ. ಬಿಸಿಲೂ ಹಾಗೇ ಇತ್ತು. ಮಧ್ಯಾಹ್ನ ಅಂಗಳದಲ್ಲಿ ಕಾಲಿಟ್ಟರೆ ತವೆಯ ಮೇಲೆ ಇಟ್ಟಂತೆ.

ರೈಲಿನವರ ಬೇಲಿಗೆ ಅಂಟಿ ಒಂದು ಹತ್ತಿಯ ಗೋದಾಮು ಇತ್ತು. ಬೇಲಿಯ ಆಚೆ ಅವರ ಹಳಿ, ಈಚೆ ಊರು. ಒಂದು ದಿನ ಮಧ್ಯಾಹ್ನ ಅದಕ್ಕೆ ಬೆಂಕಿ ಬಿತ್ತು. ರೈಲಿನವರ ಹತ್ತಿರ ಅವರದೇ ಬಂಬ, ಅವರದೇ ಆಳು. ಅವರು ಬೆಂಕಿಗೆ ಭೋಂಗಾ ಊದುತ್ತಿದ್ದರು, ನಮ್ಮವರು ಗಂಟೆ ಬಾರಿಸುತ್ತಿದ್ದರು. ಆ ದಿನ ಎರಡೂ ಆದವು. ಭೋಂಗಾ ಕೇಳಿ ನಮ್ಮ ಮನೆಯವರು, "ರೈಲಿನವರು ಹೊಂಟಾರ, ಅವರ ಬೇಲ್ಯಾಗ ಕರೀದ ಹೋದ್ರ ಪರವಾನಗಿ ಕೇಳ್ತಾರ," ಎಂದು ಗಾಡಿ ತಯಾರಿಟ್ಟುಕೊಂಡು ಕಾದರು. ಹಿಂದಿನ ವರ್ಷ ಹಾಗೆ ಹೋಗಿ ಗೇಟಿನಿಂದ ತಿರುಗಿ ಬಂದ ಅವಮಾನ ಅವರ ಮನಸ್ಸಿನಲ್ಲಿತ್ತು. ನಮ್ಮ ಗಂಟೆ ಕೇಳಿ ರೈಲಿನವರೂ, "ಊರವರು ಹೊಂಟಾರ, ಗೋದಾಮು ಊರಿಂದು," ಎಂದು ಕಾದರು. ಇಬ್ಬರೂ ಒಬ್ಬರ ಸದ್ದು ಒಬ್ಬರು ಕೇಳುತ್ತ ಕುಳಿತರು. ಬೆಂಕಿ ಯಾರನ್ನೂ ಕೇಳಲಿಲ್ಲ. ಗೋದಾಮು ನೆಲಕ್ಕೆ ಕೂಡಿತು. ಉರಿಯುವ ಅಂಡಿಗೆ ಉರುಳಿ ಒಬ್ಬ ಹಮಾಲನ ಕಾಲು ಹೋಯಿತು.

ಬಂಬಖಾನೆಯ ಮೇಲಿನ ಸಾಹೇಬರು ಇವರನ್ನು ಕರೆಸಿ, ಇನ್ನೊಮ್ಮೆ ಹೀಗಾದರೆ ಕೆಲಸವೂ ಇಲ್ಲ, ಕ್ವಾರ್ಟರ್ಸೂ ಇಲ್ಲ ಎಂದು ಹೇಳಿ ಕಳಿಸಿದರು. ಆ ರಾತ್ರಿ ಇವರು ಉಣ್ಣಲಿಲ್ಲ. ನಾನು ಗೋಡೆಗೆ ಒರಗಿ ನನ್ನ ಒಲೆಯನ್ನು ನೋಡುತ್ತ ಕುಳಿತೆ. ಕಣ್ಣ ಮುಂದೆ ಸುಳ್ಳದ ಉಪ್ಪಿನ ಗಡಿಗೆ ಬಂತು.

ಆಮೇಲೆ ಎರಡೂ ಕಡೆಯವರು ಕೂತು ಒಂದು ವ್ಯವಸ್ಥೆ ಮಾಡಿದರು. ಊಟಕ್ಕೆ ಕುಳಿತಾಗ ಇವರು ನನಗೆ ಬಿಡಿಸಿ ಹೇಳಿದರು.

"ರೈಲಿನವರ ಫೋನು ಅವರ ತಂತಿ ಮ್ಯಾಲಷ್ಟ ಮಾತಾಡ್ತೈತಿ. ಊರ ಫೋನು ಅದಕ್ಕ ಹತ್ತೂದಿಲ್ಲ. ಪೊಲೀಸ್ರ ವಾಯರ್‌ಲೆಸ್ಸು ಪೊಲೀಸ್ರಿಗಷ್ಟ. ಈಗ ಏನ್ ಮಾಡ್ಯಾರ ಅಂದ್ರ, ರೈಲಿನ ಬಂಬದ ಇನ್‌ಸ್ಪೆಕ್ಟರ ಮನ್ಯಾಗ ಅವರ ಫೋನು ಐತೆಲ್ಲ, ಅದರ ಬಾಜೂಕ ಒಂದು ಊರ ಫೋನೂ ಇಡ್ತಾರ. ನಡುವ ಒಬ್ಬರು ಕುಂತು ಇದರಾಗ ಕೇಳಿದ್ದ ಅದರಾಗ ಹೇಳಬೇಕು. ಪೊಲೀಸ್ ಠಾಣೆಕ್ಕೂ ಅವರ ಹೇಳಬೇಕು."

"ಯಾರು ಕುಂಡ್ರತಾರ?"

"ಇನ್‌ಸ್ಪೆಕ್ಟರ ಹೆಂಡ್ತಿ. ಫಿಲೋಮಿನಾಬಾಯಿ ಅಂತ. ಮನ್ಯಾಗ ಇರ್ತಾರ."

"ನಾನೂ ಮನ್ಯಾಗ ಇರ್ತೇನಿ."

"ರೈಲಿನವರ ಹಿಂದಿ ನಿನಗ ಬರ್ತೈತೇನ?"

"ಕಲ್ತರ ಬರ್ತೈತಿ."

ಇವರು ಇನ್ನೊಂದು ರೊಟ್ಟಿಗೆ ಕೈ ಚಾಚಿದರು. ಅಲ್ಲಿಗೆ ಆ ಮಾತು ಮುಗಿಯಿತು, ಅವರ ಮಟ್ಟಿಗೆ.

ತಂತಿ ಸರಿಯಿದೆಯೋ ಇಲ್ಲವೋ ನೋಡಲು ದಿನಾ ಮುಂಜಾನೆ ಇವರು ಆ ಮನೆಗೆ ಒಂದು ಫೋನು ಹಚ್ಚಬೇಕೆಂದು ಠರಾವಾಗಿತ್ತು. ಫೋನು ಇದ್ದದ್ದು ಬಂಬಖಾನೆಯ ಕಚೇರಿ ಖೋಲಿಯಲ್ಲಿ. ನನ್ನ ಅಡುಗೆಮನೆಯ ಕಿಟಕಿಗೂ ಅದಕ್ಕೂ ನಡುವೆ ಒಂದು ಗೋಡೆ. ಮಾತು ತಿಳಿಯುತ್ತಿರಲಿಲ್ಲ. ಗೊಣಗೊಣ ಎನ್ನುವುದು ಕೇಳುತ್ತಿತ್ತು. ಆಮೇಲೆ ನಗು ಕೇಳುತ್ತಿತ್ತು.

ಆ ನಗು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯವರು ಗಂಭೀರ ಮನುಷ್ಯ. ಮನೆಯಲ್ಲಿ ನಕ್ಕರೆ ಮೀಸೆಯ ಒಳಗೇ ನಗುತ್ತಿದ್ದರು. ಇದು ಎದೆಯಿಂದ ಬರುವ ನಗು. ನಾನು ಕಿಟಕಿಯ ಈಚೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳುತ್ತಿದ್ದೆ, ರೊಟ್ಟಿ ಹೊತ್ತುತ್ತಿತ್ತು. ಹೊತ್ತಿದ ರೊಟ್ಟಿಯನ್ನೇ ಅವರ ತಾಟಿಗೆ ಹಾಕುತ್ತಿದ್ದೆ.

ಬಂಬದ ಡ್ರೈವರನ ಹೆಂಡತಿ ಶಾಂತವ್ವ ಪಕ್ಕದ ಖೋಲಿಯವಳು. ಅವಳ ನಾಲಿಗೆಗೆ ಎಲುಬಿಲ್ಲ.

"ಏನವಾ ಗೌರವ್ವ, ನಿಮ್ಮ ಜಮಾದಾರ್ರು ಮೊದಲ ಶಿವಪೂಜಾ ಮಾಡಿ ಆಮ್ಯಾಲ ಫೋನ್ ಪೂಜಾ ಮಾಡ್ತಾರ, ಹೌದಿಲ್ಲೋ?"

"ಸರಕಾರಿ ಕೆಲಸ ಅದು."

"ಹೌದ್ ಬಿಡು. ನಮ್ಮ ಮನ್ಯಾಂವಗೂ ಸರಕಾರಿ ಕೆಲಸ ಐತಿ. ಗಾಡಿ ಒರಸ್ತಾನ. ನಕ್ಕಿದ್ದ ನಾ ಕಂಡಿಲ್ಲ."

ನಳದ ಕೆಳಗಿನ ಕೊಡ ತುಂಬುವ ಮೊದಲೇ ಎತ್ತಿಕೊಂಡು ಒಳಗೆ ಬಂದೆ.

ಇದರ ಮೇಲೆ ಇವರ ಮಾತೆಲ್ಲ ಆ ಫಿಲೋಮಿನಾಬಾಯಿಯ, ಇವರ 'ಬಾಯಿಯವರ' ಸುತ್ತಲೇ. ಬಾಯಿಯವರು ಕೇಳಿದ್ದನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಬಾಯಿಯವರು ಗಡಿಬಿಡಿ ಮಾಡುವುದಿಲ್ಲ. ಬಾಯಿಯವರು ಬೆಂಕಿ ಎಂದರೆ ಮೊದಲು ಎಲ್ಲಿ ಎನ್ನುತ್ತಾರೆ, ಆಮೇಲೆ ಏನು ಎನ್ನುತ್ತಾರೆ. ಎರಡು ಕಡೆಯವರೂ ಹೊರಡುವವರೆಗೆ ಎರಡೂ ಫೋನು ಬಿಡುವುದಿಲ್ಲ, ಒಂದು ಈ ಕಿವಿಗೆ, ಒಂದು ಆ ಕಿವಿಗೆ. ಆ ಸುಗ್ಗಿಯಲ್ಲಿ ಒಂದೆರಡು ಸಣ್ಣ ಬೆಂಕಿ ಬಿದ್ದವು, ಎರಡೂ ಬಂಬ ಕೂಡಿಯೇ ಹೋದವು, ಲಗೂನೇ ಆರಿದವು. ಒಳ್ಳೆಯದೇ ಆಯಿತು. ಆದರೆ ಇವರು ಮನೆಗೆ ಬಂದು ನನಗೆ ಹೇಳುವುದರಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಎಲ್ಲ ಫೋನಿನಲ್ಲೇ ಹೇಳಿ ಮುಗಿಸಿ ಬಂದಿರುತ್ತಿದ್ದರು. ನನ್ನ ಮುಂದೆ, "ಹೂಂ, ಆರಿತು," ಎಂದು ತಾಟು ಎಳೆದುಕೊಳ್ಳುತ್ತಿದ್ದರು. ಮೊದಲ ರೊಟ್ಟಿ ಅಲ್ಲಿ, ಕಡೆಯ ಚೂರು ಇಲ್ಲಿ.

ಬಾಯಿಯವರು ಕಿರಿಸ್ತಾನರು; ಅವರ ಹಬ್ಬ ಬಂತು. ಇವರು ಡಬ್ಬಿಯಲ್ಲಿ ಸಿಹಿ ತಿನಿಸು ತಂದರು.

"ಏನ್ರಿ ಇದು?"

"ಬಾಯಿಯವರು ಕೊಟ್ಟು ಕಳಿಸ್ಯಾರ. ತತ್ತಿ ಹಾಕಿಲ್ಲಂತ, ಕೇಳೇನಿ."

"ಕೇಳ್ಯೂ ಕೇಳೀರಿ."

"ನೀ ತಿನ್ನೂದಿಲ್ಲಂತ ಕೇಳಿದೆ."

ನಾನು ತಿನ್ನಲಿಲ್ಲ. ಸೋಮವಾರ ಉಪವಾಸ ಎಂದೆ. ಅಂದು ಮಂಗಳವಾರ. ಇವರಿಗೆ ಅದೂ ತಿಳಿಯಲಿಲ್ಲ.

ಅವಳನ್ನು ಒಮ್ಮೆ ನೋಡಬೇಕೆಂದು ಜೀವ ಹಪಹಪಿಸಿತು. ಒಂದು ಸಂತೆಯ ದಿನ ಶಾಂತವ್ವ ಕಣ್ಸನ್ನೆ ಮಾಡಿ ತೋರಿಸಿದಳು. ಬಾಯಿ ಮೆಂತ್ಯದ ಸೂಡು ಆರಿಸುತ್ತ ನಿಂತಿದ್ದಳು. ಗಿಡ್ಡ ಹೆಂಗಸು, ನನಗಿಂತ ಬಹಳ ದೊಡ್ಡವಳು, ದಪ್ಪ ಗಾಜಿನ ಚಷ್ಮಾ, ಒಂದು ಕಾಲು ಸ್ವಲ್ಪ ಎಳೆದು ನಡೆಯುತ್ತಿದ್ದಳು. ಚೆಲುವೆಯಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಗಂಡಸು ರೂಪಕ್ಕೆ ಸೋತರೆ ರೂಪ ಒಂದು ದಿನ ಮುಗಿಯುತ್ತದೆ. ಮಾತಿಗೆ ಸೋತರೆ ಅದಕ್ಕೆ ಮುಗಿಯುವುದು ಎಲ್ಲಿ? ಆ ದಿನ ಮಠದಲ್ಲಿ ಗದ್ದುಗೆಯ ಮುಂದೆ ಕುಳಿತು, ಶಿವನೇ, ಆ ತಂತಿ ಕಡಿಯಲಿ ಎಂದು ಬೇಡಿಕೊಂಡೆ. ಶಿವ ಕೊಟ್ಟದ್ದನ್ನು ಹೇಗೆ ಎಣಿಸುತ್ತೇನೋ, ಕೊಡದೆ ಇಟ್ಟುಕೊಂಡದ್ದನ್ನೂ ಹಾಗೇ ಎಣಿಸಬೇಕು. ಇದು ಅವನು ಕೊಡದೆ ಹೋದದ್ದು.

ಸುಗ್ಗಿ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಧಾರವಾಡದಿಂದ ಕರೆ ಬಂತು. ಕೆಲಗೇರಿಯಲ್ಲಿ ಬಣವೆಗಳಿಗೆ ಬೆಂಕಿ ಬಿದ್ದಿದೆ, ಧಾರವಾಡದ ಬಂಬ ಕೆಟ್ಟು ನಿಂತಿದೆ, ಹುಬ್ಬಳ್ಳಿಯದು ಬರಬೇಕು. ಈಗ ಎರಡೂ ಊರು ಒಂದೇ ಆದ್ದರಿಂದ ಹೋಗಲೇಬೇಕು. ಇಬ್ಬರು ಆಳು ರಜೆಯ ಮೇಲಿದ್ದರು; ಫೋನು ಕಾಯುವವನನ್ನೂ ಇವರು ಗಾಡಿ ಹತ್ತಿಸಿದರು. ಶಿರಸ್ತ್ರಾಣ ಹಾಕಿಕೊಳ್ಳುತ್ತ ನನಗೆ ಹೇಳಿದರು:

"ಕೆಲಗೇರಿಗೆ ಹೋಗಿ ಬರ್ತೇನಿ. ಗಾಡಿ ಕೆರಿ ಒಡ್ಡಿನ ಮ್ಯಾಲ ನಿಂದರಸಬೇಕು, ಕೆರಿ ನೀರ ಎಳೀಬೇಕು. ಫೋನ್ ಹೊಡಕೊಂಡ್ರ ಎತ್ತು."

"ನಾ ಅದನ್ನ ಮುಟ್ಟೂದಿಲ್ಲ."

"ಮುಟ್ಟಿದ್ರ ಕಡಿಯೂದಿಲ್ಲ ಅದು," ಎಂದು ಹೋದರು.

ಗಾಡಿ ಹೋಗಿ ಬಹಳ ಹೊತ್ತಾಗಿತ್ತು. ಫೋನು ಹೊಡೆದುಕೊಳ್ಳತೊಡಗಿತು. ನಿಲ್ಲಲಿಲ್ಲ. ಸೆರಗು ಕೈಗೆ ಸುತ್ತಿಕೊಂಡು ಎತ್ತಿದೆ. ಶಾಂತವ್ವ ಬಾಗಿಲಲ್ಲಿ ನಿಂತು, ತಿರುವಿ ಹಿಡಿ, ಆ ಕಡೆ ಕಿವಿಗೆ, ಎಂದು ಕೈ ಮಾಡಿ ತೋರಿಸಿದಳು.

"ಜಮಾದಾರ್ರನ್ನ ಕರೀರಿ, ಲಗೂ."

ಹೆಂಗಸಿನ ದನಿ. ಕೇಳಿದೊಡನೆ ಅವಳೇ ಎಂದು ತಿಳಿಯಿತು.

"ಅವರಿಲ್ಲ. ಯಾಕ ಬೇಕಾಗಿತ್ತು ನಿಮಗ?"

ಆ 'ನಿಮಗ' ಎನ್ನುವುದರಲ್ಲಿ ಒಂದು ಸುಗ್ಗಿಯ ಖಾರವನ್ನೆಲ್ಲ ಅರೆದು ಹಾಕಿದ್ದೆ.

"ನನಗಲ್ಲವಾ, ಬೆಂಕಿಗೆ ಬೇಕಾಗ್ಯಾರ. ನೀ ಗೌರವ್ವ ಹೌದಿಲ್ಲೋ? ಬೇಲಿ ಹತ್ತರ ಇನ್ನೊಂದು ಹತ್ತಿ ಗೋದಾಮು ಹತ್ತೇತಿ. ನಮ್ಮ ಬಂಬ ಹೋಗೇತಿ, ಅದೊಂದ ಸಾಲೂದಿಲ್ಲ. ಅವರು ಎಲ್ಲಿ ಹೋಗ್ಯಾರ?"

ನನ್ನ ಹೆಸರು ಅವಳ ಬಾಯಿಯಲ್ಲಿ ಕೇಳಿ ಮೈ ಉರಿಯಿತು. ಆದರೆ ಬೇಲಿ, ಹತ್ತಿ ಗೋದಾಮು ಎಂದೊಡನೆ ಸಾಹೇಬರ ಮಾತು ನೆನಪಾಯಿತು. ಇನ್ನೊಮ್ಮೆ ಹೀಗಾದರೆ ಕ್ವಾರ್ಟರ್ಸ್ ಇಲ್ಲ.

"ಕೆಲಗೇರಿಗೆ ಹೋಗ್ಯಾರ್ರಿ. ಬಣವಿಗೆ ಬೆಂಕಿ ಬಿದ್ದೇತಿ."

"ಧಾರವಾಡ ಬಂಬಖಾನಿಗೆ ಟ್ರಂಕ್ ಕಾಲ್ ಹಚ್ಚಿದ್ರ ತಾಸಗಟ್ಲೆ ಕಾಯಬೇಕು. ಹತ್ತಿದ್ರೂ ಅವರು ಅಲ್ಲಿಲ್ಲ. ಕೆಲಗೇರ್ಯಾಗ ಎಲ್ಲಿ?"

"ಕೆರಿ ಒಡ್ಡಿನ ಮ್ಯಾಲ."

"ಖರೇ ಗೊತ್ತೈತೇನು?"

"ನನಗ ಹೇಳದ ಹೋಗೂದಿಲ್ಲ ಅವರು," ಎಂದೆ. ಹೇಳುವಾಗ ಕುತ್ತಿಗೆ ತಾನೇ ನೆಟ್ಟಗಾಯಿತು.

"ಕೆಲಗೇರಿ, ಕೆರಿ ಒಡ್ಡು," ಎಂದು ಅವಳು ತಿರುಗಿ ಹೇಳಿದಳು. "ಫೋನ್ ಇಡಬ್ಯಾಡವಾ. ಇಟ್ರ ಈ ತಂತಿ ಬ್ಯಾರೆದವ್ರಿಗೆ ಕೊಡ್ತಾರ. ರೈಲಿನ ಫೋನಿನ್ಯಾಗ ಧಾರವಾಡ ಸ್ಟೇಶನ್ ಕರೀತೇನಿ, ಅಲ್ಲಿಂದ ಸೈಕಲ್ ಮ್ಯಾಲ ಮನಶ್ಯಾನ್ನ ಓಡಸ್ತಾರ."

ಹಿಡಿದುಕೊಂಡು ನಿಂತೆ. ದೂರದಿಂದ ಅವಳ ಹಿಂದಿ ಕೇಳುತ್ತಿತ್ತು. ಕೆರೆಗೆ ತಾಲಾಬ್ ಎನ್ನುವುದು, ಕೆಲಗೇರಿ ಎನ್ನುವುದು, ಜಲ್ದಿ ಎನ್ನುವುದು. ನನಗೆ ಬರುವುದಿಲ್ಲ ಎಂದು ಇವರು ತಿಳಿದಿದ್ದ ಹಿಂದಿ ಅಷ್ಟೂ ತಿಳಿಯಿತು. ಆಮೇಲೆ ಅವಳು ಈ ಕಡೆಯ ಕಿವಿಗೆ ಬಂದಳು.

"ಹೇಳೇನಿ. ಅವರು ತಿರುಗಿ ಫೋನ್ ಮಾಡಬೇಕು. ಅಲ್ಲೀತನಕ ನೀ ಏನರ ಮಾತಾಡು. ಸುಮ್ಮನಾದ್ರ ತಂತಿ ಕಡದೈತೇನೋ ಅಂತ ನನ್ನ ಎದಿ ಹಾರ್ತೈತಿ."

"ಏನ್ ಮಾತಾಡ್ಲಿ?"

"ಇವತ್ತ ಏನ್ ಅಡಿಗಿ?"

ಊರು ಸುಡುತ್ತಿರುವಾಗ ಇದೆಂಥ ಪ್ರಶ್ನೆ ಎನಿಸಿತು. "ಪುಂಡಿಪಲ್ಯ. ಜ್ವಾಳದ ನುಚ್ಚು."

"ನಿನ್ನಿ ಮಡಿಕಿಕಾಳು. ಮೊನ್ನಿ ಬದನಿಕಾಯಿ ಎಣ್ಣಿಗಾಯಿ, ಖಾರ ಮುಂದಾಗಿತ್ತು."

ನಾನು ಇವರ ಕುರ್ಚಿಯ ಮೇಲೆ ಕುಳಿತುಬಿಟ್ಟೆ. "ನಿಮಗ ಯಾರು ಹೇಳಿದ್ರು?"

"ಯಾರ ಹೇಳ್ತಾರ? ದನಿ ಕೇಳಿಸ್ತೈತೋ ಇಲ್ಲೋ ನೋಡಾಕ ನಾಕ ಮಾತು ಹೇಳ್ರಿ ಜಮಾದಾರ್ರ ಅಂತೇನಿ. ಅವರಿಗೆ ಬ್ಯಾರೆ ಏನೂ ಹೊಳಿಯೂದಿಲ್ಲ. ಗೌರವ್ವ ಇಂಥಾದ್ದು ಮಾಡಿದ್ಲು, ಬೆರಳ ನೆಕ್ಕೊಂಡು ಉಂಡೆ ಅಂತಾರ. ನಾ ನಗ್ತೇನಿ. ಅವರೂ ನಗ್ತಾರ."

ಇದನ್ನು ಕೇಳಿ ನನ್ನ ಉರಿ ತಣಿಯಿತು ಎಂದು ಯಾರಾದರೂ ತಿಳಿದರೆ ಅವರಿಗೆ ಹೆಂಗಸರ ಹೊಟ್ಟೆ ಗೊತ್ತಿಲ್ಲ. ಹೊಸ ಉರಿ ಹತ್ತಿತು. ನನ್ನ ಮುಂದೆ ತಾಟು ಖಾಲಿ ಮಾಡಿ, ಕೈ ತೊಳೆದು, ಒಂದು ದಿನವೂ ರುಚಿ ಇದೆ ಎನ್ನದೆ ಎದ್ದು ಹೋಗುವ ಮನುಷ್ಯ. ನನಗೆ ಸಲ್ಲಬೇಕಾದ ಮಾತನ್ನು ದಿನಾ ಮುಂಜಾನೆ ತಂತಿಯ ಮೇಲೆ ಇಟ್ಟು ಇವಳಿಗೆ ಕಳಿಸುತ್ತಿದ್ದರು.

"ಖಾರ ಮುಂದಾಗಿತ್ತಂತ ಅವರ ಹೇಳಿದ್ರ?"

"ಕಣ್ಣಾಗ ನೀರ ಬಂತಂತ. ಆದ್ರೂ ಬಿಡಲಿಲ್ಲಂತ."

ಅವಳು ನಗಲು ಹೋಗಿ ನಿಲ್ಲಿಸಿದಳು. ಆಮೇಲೆ ಸಣ್ಣ ದನಿಯಲ್ಲಿ, "ನಮ್ಮವ್ರೂ ಅಲ್ಲೇ ಅದಾರ, ಗೌರವ್ವ. ಮುಂಜಾನೆ ಜ್ವರ ಇತ್ತು. ಹಂಗ ಎದ್ದು ಹೋಗ್ಯಾರ. ಆ ಹಮಾಲನ ಕಾಲು ನನ್ನ ಕಣ್ಣ ಮುಂದಿಂದ ಹೋಗವಲ್ಲದು," ಎಂದಳು.

"ದೇವರು ಅದಾನ್ರಿ."

"ನಿನ್ನ ದೇವ್ರು ಏನಂತಾನ?"

"ಅವ ಏನೂ ಅನ್ನೂದಿಲ್ಲ. ನಾವ ಅನಕೋಂತ ಇರಬೇಕು."

ನಾನು ನಮಃ ಶಿವಾಯ ಎನ್ನತೊಡಗಿದೆ. ಆ ಕಡೆಯಿಂದ ಅವಳದೂ ಏನೋ ಗುಣುಗುಣು ಕೇಳಿತು. ಒಂದೇ ತಂತಿಯ ಮೇಲೆ ಎರಡೂ ಹೋದವು. ಯಾವುದು ಯಾರಿಗೆ ಮುಟ್ಟಿತೋ.

ಅವಳ ಇನ್ನೊಂದು ಫೋನು ಹೊಡೆದುಕೊಂಡಿತು. ಸೈಕಲ್ಲಿನವನು ಒಡ್ಡಿನ ಮೇಲೆಯೇ ಬಂಬವನ್ನು ಕಂಡಿದ್ದ. ಬಣವೆಯ ಬೆಂಕಿ ಅಡಗುತ್ತ ಬಂದಿತ್ತು. ಉಳಿದದ್ದನ್ನು ಊರವರಿಗೆ ಒಪ್ಪಿಸಿ ಇವರು ಗಾಡಿ ತಿರುಗಿಸಿದ್ದರು. "ಬರಾಕತ್ತಾರ," ಎಂದಳು ಬಾಯಿ. "ನಮ್ಮ ಗೇಟಿಗೆ ಹೇಳ್ತೇನಿ. ಪರವಾನಗಿ ಗಿರವಾನಗಿ ಯಾರೂ ಕೇಳಬಾರದು, ಬಾಗಲಾ ತಗದ ಇಟ್ಟಿರಬೇಕು." ಆಗ ನಾನು ಫೋನು ಇಟ್ಟೆ. ಕೈಗೆ ಸುತ್ತಿದ ಸೆರಗು ಬೆವರಿನಿಂದ ಒದ್ದೆಯಾಗಿತ್ತು.

ನಮ್ಮ ಬಂಬ ಬಂಬಖಾನೆಯ ಮುಂದೆ ನಿಲ್ಲದೆ ಗಂಟೆ ಬಾರಿಸುತ್ತ ದಾಟಿ ಹೋದದ್ದು ಕೇಳಿತು. ಆಮೇಲಿನದನ್ನು ಡ್ರೈವರ ಶಾಂತವ್ವನಿಗೆ ಹೇಳಿದ್ದರಿಂದ ನನಗೆ ಗೊತ್ತಾಯಿತು. ರೈಲಿನವರು ಬೇಲಿಯ ಕಡೆಯಿಂದ ನೀರು ಹಿಡಿದಿದ್ದರು, ನಮ್ಮವರು ಊರ ಕಡೆಯಿಂದ ಹಿಡಿದರು. ಒಂದು ಗೋದಾಮು ಹೋಯಿತು, ಬಾಜೂಕಿನ ಹತ್ತಿ ಗಿರಣಿ ಉಳಿಯಿತು. ಯಾರ ಕೈಕಾಲೂ ಹೋಗಲಿಲ್ಲ. ಬಾಯಿಯ ಗಂಡ ಕೆಮ್ಮುತ್ತ ಹೊರಗೆ ಬಂದು ಒಂದು ಕೊಡ ನೀರು ಕುಡಿದರಂತೆ. ಸಾಹೇಬರು ಬಂದು ನೋಡಿ, ಏನೂ ಅನ್ನದೆ ಹೋದರು. ಅವರು ಏನೂ ಅನ್ನದಿದ್ದದ್ದೇ ನನ್ನ ಒಲೆ ಉಳಿದದ್ದು.

ದೀಪ ಹಚ್ಚುವ ಹೊತ್ತಿಗೆ ಇವರು ಬಂದರು. ಮುಖ ಮಸಿ, ಮೀಸೆಯ ಮೇಲೆ ಹತ್ತಿಯ ಬೂದಿ. ನಾನು ಮಜ್ಜಿಗೆಯ ಚೆಂಬು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಇವರು ನನ್ನನ್ನು ದಾಟಿ ಸೀದಾ ಕಚೇರಿ ಖೋಲಿಗೆ ಹೋದರು. ಚೆಂಬು ಹಿಡಿದುಕೊಂಡೇ ನಾನೂ ಹಿಂದೆ ಹೋಗಿ ಹೊಸ್ತಿಲ ಮೇಲೆ ನಿಂತೆ.

"ಬಾಯಿಯವರ, ನಿಮ್ಮ ಸಾಹೇಬ್ರು ಸುಖರೂಪ ಅದಾರ್ರಿ. ಮನಿ ಕಡೆ ಹೊಂಟಾರ." ಆಮೇಲೆ ಆ ಕಡೆಯ ಮಾತು ಕೇಳಿದರು. ಹೂಂ ಎಂದರು. ನನ್ನ ಕಡೆ ಹೊರಳಿ ಫೋನು ಚಾಚಿದರು. "ನಿನ್ನ ಕರೀತಾರ."

ಚೆಂಬನ್ನು ಅವರ ಕೈಗೆ ಕೊಟ್ಟು ಫೋನು ತೆಗೆದುಕೊಂಡೆ.

"ಗೌರವ್ವ, ನಾಳಿಂದ ಮುಂಜಾನೆ ಫೋನು ನೀನ ಹಚ್ಚವಾ. ಗಂಡಸ್ರಿಗೆ ಪಲ್ಯದ ಹೆಸರು ಬರ್ತೈತಿ, ಹೆಂಗ ಮಾಡೂದು ಬರೂದಿಲ್ಲ. ನಾ ಕೇಳಿದ್ರ, ಉಪ್ಪ ಹಾಕ್ತಾಳ, ಖಾರ ಹಾಕ್ತಾಳ ಅಂತ ನಿಂದರ್ತಾರ."

ನನಗೆ ನಗು ಬಂತು. ತಡೆಯಲಾಗಲಿಲ್ಲ. ಇವರ ಮುಂದೆ ಹಾಗೆ ನಕ್ಕಿದ್ದು ಅದೇ ಮೊದಲಿರಬೇಕು. ಹೂಂನ್ರಿ ಎಂದು ಫೋನು ಇಟ್ಟೆ.

"ಏನಂದ್ರು?" ಎಂದರು ಇವರು.

"ಏನಿಲ್ಲ. ದನಿ ಕೇಳಿಸ್ತೈತೋ ಇಲ್ಲೋ ನೋಡಿದ್ರು."

"ಮತ್ತ ನಕ್ಕೆಲ್ಲ."

"ನಕ್ಕೆ."

ಮಜ್ಜಿಗೆ ಕುಡಿಯದೆ ಚೆಂಬು ಹಿಡಿದುಕೊಂಡು ನನ್ನ ಮುಖ ನೋಡುತ್ತ ನಿಂತರು. ಆ ಸುಗ್ಗಿಯ ಉದ್ದಕ್ಕೂ ನಾನು ಹೊತ್ತು ತಿರುಗಿದ್ದು ಏನೆಂದು ಆಗ ಅವರ ಮುಖದಲ್ಲಿ ಕಂಡೆ. ನನಗೆ ಪಾಪ ಎನಿಸಲಿಲ್ಲ. ಶಿವನೇ, ನಿನ್ನ ದಯೆ ಎಂದು ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೆ.

"ಹೇಳಬಾರದೇನ?" ಎಂದರು.

ಅವರ ಮೈಗೆ ನೀರು ಕಾಯಬೇಕಿತ್ತು. ಬಚ್ಚಲಿಗೆ ಹೋಗಿ ಹಂಡೆಯ ತುಂಬ ನೀರು ಹಾಕಿ, ಒಲೆಗೆ ಕುಳ್ಳು ಒಟ್ಟಿ, ಕಡ್ಡಿ ಗೀರಿದೆ.